ನೋವಾಗುತ್ತಾ ಅಂತ ಯಾರೂ ಕೇಳಿರಲಿಲ್ಲ

ನಮ್ಮ ಅಪ್ಪನ ಕಡೆಯ ಹೆಣ್ಣುಮಕ್ಕಳ ಕಾಲು ದಪ್ಪ. ಅಜ್ಜಿಗೆ ಹಾಗೇ ಇತ್ತು, ಅತ್ತೆಗೂ ಹಾಗೇ, ನನಗೂ ಹಾಗೇ. ಸೊಂಟದಿಂದ ಕೆಳಗೆ ಎರಡೂ ಕಾಲು ಒಂದೇ ಸಮ ದಪ್ಪ. ಗೆಜ್ಜೆ ಕೂರುವ ಜಾಗಕ್ಕೆ ಬಂದು ಗೆರೆ ಎಳೆದಂತೆ ನಿಲ್ಲುತ್ತದೆ. ಪಾದ ಮಾತ್ರ ಸಣ್ಣದು.

ದಾವಣಗೆರೆಯಲ್ಲಿ ತೋರಿಸಿದಾಗಲೆಲ್ಲ ಮೊದಲು ತೂಕದ ಮೆಷಿನ್ ಹತ್ತಿಸುತ್ತಿದ್ದರು. ಅನ್ನ ಬಿಡಿ, ವಾಕಿಂಗ್ ಮಾಡಿ ಅಂದರು. ಬಿಟ್ಟೆ, ಮಾಡಿದೆ. ಕೆನ್ನೆ ಒಳಗೆ ಹೋಯಿತು, ಬ್ಲೌಸ್ ಸಡಿಲವಾಯಿತು, ಕಾಲು ಇದ್ದ ಹಾಗೇ ಇತ್ತು. ಆನೆಕಾಲು ಇರಬಹುದು ಅಂತ ಅಕ್ಕಪಕ್ಕದವರು ಪಿಸುಗುಟ್ಟಿದ್ದೂ ಉಂಟು. ಆನೆಕಾಲಾದರೆ ಪಾದವೂ ಊದುತ್ತದೆ, ಸಾಮಾನ್ಯವಾಗಿ ಒಂದು ಕಾಲಿಗಿಂತ ಇನ್ನೊಂದು ಜಾಸ್ತಿ ದಪ್ಪ ಇರುತ್ತದೆ.

ಜರ್ಮನಿಗೆ ಬಂದ ಮೇಲೆ ಇಲ್ಲಿನ ರಕ್ತನಾಳದ ಡಾಕ್ಟರೊಬ್ಬರು ನನ್ನ ತೊಡೆಯನ್ನು ಮೆಲ್ಲಗೆ ಹಿಂಡಿ, ನೋವಾಗುತ್ತಾ ಅಂತ ಕೇಳಿದರು. ಮೇಜು ತಗುಲಿದರೂ ನೀಲಿಗಟ್ಟುತ್ತಾ ಅಂದರು. ನಾನು ಅಲ್ಲೇ ಅತ್ತುಬಿಟ್ಟೆ. ಕಾಲಲ್ಲಿ ನೋವು ಕೊಡುವ ಕೊಬ್ಬು ಸೇರುವ ಈ ಕಾಯಿಲೆಗೆ ಲಿಪಿಡೀಮಾ ಅಂತ ಹೆಸರಿದೆಯಂತೆ. ಅಮೆರಿಕದ ಮೇಯೋ ಕ್ಲಿನಿಕ್‌ನ ಡಾಕ್ಟರುಗಳಾದ ಅಲೆನ್ ಮತ್ತು ಹೈನ್ಸ್ 1940ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಬರುವುದು ಹೆಚ್ಚುಕಡಿಮೆ ಹೆಂಗಸರಿಗೇ. ಮೈನೆರೆದಾಗ, ಬಸುರಿಯಾದಾಗ, ಮುಟ್ಟು ನಿಲ್ಲುವಾಗ ಶುರುವಾಗುತ್ತದೆ ಅಥವಾ ಜಾಸ್ತಿಯಾಗುತ್ತದೆ.

ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಬೇರೆ ವಿಷಯ. ನನ್ನ ಶುಗರ್, ಕೊಲೆಸ್ಟ್ರಾಲ್ ಎರಡೂ ಸರಿಯಾಗಿವೆ. ಕಡ್ಡಿಯಂಥ ಕಾಲಿನ ನನ್ನ ಅಕ್ಕನಿಗೆ 38ಕ್ಕೇ ಶುಗರ್ ಬಂತು. ಮನೆಯಲ್ಲಿ ಎಲ್ಲರೂ ನನ್ನ ಕಾಲು ನೋಡಿ ಹೆದರುತ್ತಿದ್ದರು, ಅವಳ ಹೊಟ್ಟೆಯನ್ನು ಯಾರೂ ನೋಡಲಿಲ್ಲ. ತೊಡೆ, ಪೃಷ್ಠದ ಕೊಬ್ಬಿಗಿಂತ ಹೊಟ್ಟೆಯೊಳಗೆ ಕರುಳು, ಲಿವರ್ ಸುತ್ತ ಕೂರುವ ಕೊಬ್ಬು ಅಪಾಯಕಾರಿ. ಇನ್ಸುಲಿನ್ ಕೆಲಸ ಕೆಡಿಸುವುದು ಅದೇ. ನಮ್ಮ ದೇಶದವರಲ್ಲಿ ಮೈ ತೆಳ್ಳಗಿದ್ದರೂ ಅದು ಬೇಗ ಸೇರುತ್ತದೆ. ಅದಕ್ಕೇ ನಮ್ಮ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಬಾರದು ಅನ್ನುತ್ತಾರೆ. ಲಿಪಿಡೀಮಾ ಇದ್ದವರಿಗೆ ಶುಗರ್ ಬರುವುದೇ ಇಲ್ಲ ಅಂತಲ್ಲ. ಹೊಟ್ಟೆ ಬಂದರೆ ಅವರಿಗೂ ಬರುತ್ತದೆ. ಆದರೆ ತೂಕ, ತೂಕವನ್ನು ಎತ್ತರಕ್ಕೆ ಹೋಲಿಸುವ ಬಿಎಂಐ ಎರಡೂ ಕಾಲಿನ ಕೊಬ್ಬನ್ನೂ ಹೊಟ್ಟೆಯ ಕೊಬ್ಬನ್ನೂ ಒಂದೇ ಲೆಕ್ಕಕ್ಕೆ ಹಾಕುತ್ತವೆ. ಇಲ್ಲಿನ ವೈದ್ಯರ 2024ರ ಮಾರ್ಗಸೂಚಿ ಸೊಂಟದ ಅಳತೆಯನ್ನು ಎತ್ತರದ ಜೊತೆ ಹೋಲಿಸಿ ನೋಡಿ ಅನ್ನುತ್ತದೆ. ಒಂದು ಟೇಪು ಸಾಕು. ನಮ್ಮೂರಲ್ಲಿ ಪ್ರತಿ ಟೈಲರ್ ಹತ್ತಿರ ಇದೆ, ಡಾಕ್ಟರ ಮೇಜಿನ ಮೇಲೂ ಇರಬೇಕು.

ಇಲ್ಲಿ ಎಲ್ಲವೂ ಸಲೀಸು ಅಂತ ಹೇಳಲಾರೆ. ಬಿಗಿ ಕಾಲುಚೀಲ ಡಾಕ್ಟರ ಚೀಟಿಗೆ ಸಿಕ್ಕಿತು, ಹಾಕಿಕೊಂಡರೆ ನೋವು ಕಡಿಮೆ. ಕೊಬ್ಬು ತೆಗೆಯುವ ಆಪರೇಷನ್‌ಗೆ ಸರ್ಕಾರಿ ವಿಮೆ 2020ರಲ್ಲಿ ಹಣ ಕೊಡಲು ಶುರುಮಾಡಿದಾಗ ಕಾಯಿಲೆ ತೀರಾ ಹೆಚ್ಚಾದ ಮೂರನೇ ಹಂತದವರಿಗೆ ಮಾತ್ರ ಕೊಟ್ಟಿತು. ಉಳಿದವರು ಕಾಯಬೇಕಾಯಿತು.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅತ್ತೆಯ ಕಾಲು ಒತ್ತುತ್ತಾ ಕೂತಿದ್ದೆ. ಮುಖ ಕಿವುಚಿಕೊಂಡರು. ಯಾವತ್ತಿಂದ ಹೀಗೆ ನೋಯುತ್ತೆ ಅತ್ತೆ ಅಂದೆ.

"ದೊಡ್ಡೋಳಾದಾಗಿಂದ ಕಣೇ. ಎಲ್ಲರಿಗೂ ನೋಯುತ್ತೆ ಅಲ್ವಾ?" ಅಂದರು.