ಫಾಂಟ್ ಬದಲಿಸಿ

ನಾನು ಬರೆದದ್ದು, ಅರ್ಧಕ್ಕಿಂತ ಮೂರನೇ ಒಂದು ಭಾಗವೇ ದೊಡ್ಡದೆಂದು ಪಟ್ಟು ಹಿಡಿದ ಹುಡುಗಿಯ ಬಗ್ಗೆ. ಎರಡಕ್ಕಿಂತ ಮೂರು ದೊಡ್ಡದು ತಾನೇ? ಅವಳ ತರ್ಕವನ್ನು ಸುಲಭಕ್ಕೆ ತಳ್ಳಿಹಾಕುವ ಹಾಗಿರಲಿಲ್ಲ. ಒಂದೇ ಅಳತೆಯ ಎರಡು ಕಾಗದ ತೆಗೆದುಕೊಂಡು, ಮಡಚಿ, ಹರಿದು, ತುಂಡುಗಳನ್ನು ಪಕ್ಕಪಕ್ಕದಲ್ಲಿಟ್ಟೆವು. ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ ಅವಳೇ ಅಂದಳು: “ಓ, ಕೆಳಗಿನ ಸಂಖ್ಯೆ ಬೆಳೆದಂಗೆಲ್ಲ ಪಾಲು ಸಣ್ಣದಾಗುತ್ತೆ!” ಅವಳು ಅಲ್ಲಿಗೆ ಹೇಗೆ ತಲುಪಿದಳು, ನಾನು ಎಲ್ಲಿ ಬಾಯಿ ಮುಚ್ಚಿಕೊಂಡಿದ್ದರಿಂದ ಅನುಕೂಲವಾಯಿತು ಎಂಬುದನ್ನೆಲ್ಲ, ಶಿಕ್ಷಕ ತರಬೇತಿಗಾಗಿ ನಾನು ಆನ್‌ಲೈನ್‌ನಲ್ಲಿ ಜೋಡಿಸುತ್ತಿರುವ ಕೆಲಸದ ಕಡತದ, ಅಂದರೆ ಇ-ಪೋರ್ಟ್‌ಫೋಲಿಯೊದ ಒಂದು ಪುಟಕ್ಕೆ ಇಳಿಸಿದೆ. ಮಾರ್ಗದರ್ಶಕರ ಷರಾ ಬಂತು: “ಫಾಂಟ್ ಬದಲಿಸಿ.”

ಮುಂದೆ ಏನಾದರೂ ಇದೆಯೇನೋ ಎಂದು ಪುಟವನ್ನು ಕೆಳಗೆ ಸರಿಸಿ ನೋಡಿದೆ. ಇರಲಿಲ್ಲ.

ನಾನು ಆರಿಸಿದ್ದು ಕಾಮಿಕ್ ಸ್ಯಾನ್ಸ್. ಗೊತ್ತು, ಆ ಹೆಸರು ಕೇಳಿದರೆ ವಿನ್ಯಾಸ ಬಲ್ಲವರು ಮುಖ ಸಿಂಡರಿಸುತ್ತಾರೆ. ಅದನ್ನು ನಿಷೇಧಿಸಬೇಕೆಂದು ಚಳವಳಿ ಹೂಡಿದವರೂ ಇದ್ದಾರೆ. ಆದರೆ ಅದು ಹುಟ್ಟಿದ ಕಥೆ ಕೇಳಿ. 1994ರಲ್ಲಿ ಮೈಕ್ರೋಸಾಫ್ಟ್‌ನಲ್ಲಿದ್ದ ವಿನ್ಸೆಂಟ್ ಕಾನೇರ್ ಎಂಬಾತ, ಮನೆಮಂದಿಗೆಲ್ಲ ಕಂಪ್ಯೂಟರ್ ಸುಲಭವಾಗಲೆಂದು ಸಿದ್ಧವಾಗುತ್ತಿದ್ದ ‘ಬಾಬ್’ ಎಂಬ ತಂತ್ರಾಂಶವನ್ನು ನೋಡಿದರು. ಅದರಲ್ಲಿ ಒಂದು ಕಾರ್ಟೂನ್ ನಾಯಿ ಮಾತಾಡುತ್ತಿತ್ತು, ಟೈಮ್ಸ್ ನ್ಯೂ ರೋಮನ್‌ನಲ್ಲಿ! ನಾಯಿಯ ಬಾಯಲ್ಲಿ ದಿನಪತ್ರಿಕೆಯ ಅಕ್ಷರವೇ ಎಂದು ಕಸಿವಿಸಿಗೊಂಡ ಆತ, ಹತ್ತಿರವಿದ್ದ ಕಾಮಿಕ್ ಪುಸ್ತಕಗಳನ್ನು ನೋಡಿಕೊಂಡು ಹೊಸ ಅಕ್ಷರಗಳನ್ನು ಬರೆದರು. ಅವು ಮೊದಲಿನವಕ್ಕಿಂತ ಅಗಲವಾಗಿದ್ದುದರಿಂದ ನಾಯಿಯ ಮಾತಿನ ಗುಳ್ಳೆಯಲ್ಲಿ ಹಿಡಿಸಲಿಲ್ಲ. ಬಾಬ್ ಆ ಅಕ್ಷರಗಳಿಲ್ಲದೆಯೇ 1995ರಲ್ಲಿ ಹೊರಬಂದು ಮರುವರ್ಷವೇ ಕಣ್ಮುಚ್ಚಿತು. ನಾಯಿಗೆ ದಕ್ಕದ ಅಕ್ಷರ ಲೋಕಕ್ಕೆಲ್ಲ ದಕ್ಕಿತು. ಹುಟ್ಟುಹಬ್ಬದ ಕರೆಯೋಲೆ, ‘ಬಾಗಿಲು ಹಾಕಿಕೊಂಡು ಹೋಗಿ’ ಎಂಬ ಸೂಚನೆ, ಶಾಲೆಯ ಗೋಡೆ, ಎಲ್ಲಿ ನೋಡಿದರೂ ಅದೇ.

ಇನ್ನೊಂದು ವಿಷಯ. 2012ರ ಜುಲೈ 4ರಂದು ಯುರೋಪಿನ ಕಣಭೌತಶಾಸ್ತ್ರ ಸಂಶೋಧನಾ ಸಂಸ್ಥೆ ಸರ್ನ್, ಹಿಗ್ಸ್ ಬೋಸಾನ್ ಎಂಬ ಮೂಲಕಣದ ಪತ್ತೆಯನ್ನು ಜಗತ್ತಿಗೆ ಸಾರಿದಾಗ, ಅಲ್ಲಿನ ಅಟ್ಲಾಸ್ ಪ್ರಯೋಗದ ಪರವಾಗಿ ಫಾಬಿಯೋಲಾ ಜಿಯಾನೊಟ್ಟಿ ತೋರಿಸಿದ ಸ್ಲೈಡ್‌ಗಳು ಯಾವ ಫಾಂಟಿನಲ್ಲಿದ್ದವು? ಹೌದು, ಅದರಲ್ಲೇ. ಅವರಿಗೆ ಯಾರೂ “ಫಾಂಟ್ ಬದಲಿಸಿ ತನ್ನಿ, ಆಮೇಲೆ ಕಣದ ವಿಚಾರ” ಎನ್ನಲಿಲ್ಲ. ಮುಂದೆ ಅವರು ಆ ಸಂಸ್ಥೆಯ ಮಹಾನಿರ್ದೇಶಕರೂ ಆದರು. ಓದು-ಬರಹದ ತೊಡಕಾದ ಡಿಸ್ಲೆಕ್ಸಿಯಾ ಕುರಿತ ಬ್ರಿಟನ್ನಿನ ಸಂಘ ಓದಲು ಅನುಕೂಲವೆಂದು ಹೆಸರಿಸುವ ಫಾಂಟ್‌ಗಳಲ್ಲೂ ಇದು ಉಂಟು. ಇಷ್ಟನ್ನೂ ಸೇರಿಸಿ ಮಾರ್ಗದರ್ಶಕರಿಗೆ ಉತ್ತರ ಬರೆದು, ಕಳುಹಿಸದೆ ಇಟ್ಟುಕೊಂಡಿದ್ದೇನೆ. ಅಂಕ ಕೊಡುವವರು ಅವರು.

ಪೋರ್ಟ್‌ಫೋಲಿಯೊ ಕಟ್ಟುವ ಈ ಉಪಕರಣಗಳನ್ನು ಕಲಿಯುತ್ತ ನನಗೆ ಹೊಳೆದ ನಿಜವಾದ ಸಂಗತಿ ಬೇರೆಯೇ ಇದೆ, ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಸಿದ್ಧ ವಿನ್ಯಾಸಗಳ, ಅಂದರೆ ಟೆಂಪ್ಲೇಟ್‌ಗಳ ಬಗ್ಗೆ ಎರಡು ಮಾತು. ಆನ್‌ಲೈನ್‌ನಲ್ಲಿ ಪುಟ ವಿನ್ಯಾಸ ಮಾಡುವ ಕ್ಯಾನ್ವಾ ಕಟ್ಟಿದ ಮೆಲನಿ ಪರ್ಕಿನ್ಸ್ ವಿದ್ಯಾರ್ಥಿಯಾಗಿದ್ದಾಗ ಪರ್ತ್‌ನಲ್ಲಿ ಇತರರಿಗೆ ವಿನ್ಯಾಸದ ತಂತ್ರಾಂಶ ಹೇಳಿಕೊಡುತ್ತಿದ್ದರಂತೆ. ಗುಂಡಿಗಳು ಎಲ್ಲಿವೆಯೆಂದು ಹುಡುಕುವುದರಲ್ಲೇ ಕಲಿಯುವವರು ಸೋತುಹೋಗುವುದನ್ನು ಕಂಡು, ಮೊದಲು ಶಾಲೆಗಳ ವಾರ್ಷಿಕ ಸಂಚಿಕೆ ಮಾಡುವ ಸರಳ ಉಪಕರಣ ತಂದರು. 2013ರಲ್ಲಿ ಕ್ಯಾನ್ವಾ ಬಂತು. ಅಂದರೆ ಇದೂ ಒಬ್ಬ ಕಲಿಸುವವರ ತಲೆಯಿಂದಲೇ ಬಂದದ್ದು, ಅದಕ್ಕೆ ನನ್ನ ನಮಸ್ಕಾರ. ಆದರೆ ಸುಲಭವಾದದ್ದು ಎಲ್ಲರಿಗೂ ಒಂದೇ ಥರ ಸುಲಭವಾಗುತ್ತದೆ. ನಮ್ಮ ತಂಡದ ಪ್ರಶಿಕ್ಷಣಾರ್ಥಿಗಳ ಮುಖಪುಟಗಳನ್ನು ಸಾಲಾಗಿ ತೆರೆದರೆ ಎಲ್ಲರೂ ತಿಳಿ ಹಸಿರು, ಎಲ್ಲರ ಮೂಲೆಯಲ್ಲೂ ಅದೇ ಬಳ್ಳಿ, ಎಲ್ಲರ ‘ನನ್ನ ಬೋಧನಾ ತತ್ತ್ವ’ವೂ ಅದೇ ದುಂಡು ಚೌಕಟ್ಟಿನೊಳಗೆ. ಆ ಚೌಕಟ್ಟಿಗೆ ನಲವತ್ತು ಪದ ಹಿಡಿಯುತ್ತದೆ. ನನ್ನ ತತ್ತ್ವ ಸ್ವಲ್ಪ ಉದ್ದವಿತ್ತು, ಕತ್ತರಿಸಿದೆ.

ಫೋಟೊಗಳದ್ದು ಇನ್ನೊಂದು ಗೋಳು. ಅನುಮತಿ ಇಲ್ಲದೆ ಮಕ್ಕಳ ಮುಖ ಕಾಣುವಂತಿಲ್ಲ. ನಿಯಮ ಸರಿಯೇ, ಅದಕ್ಕೆ ತಕರಾರಿಲ್ಲ. ಹಾಗಾಗಿ ನನ್ನ ತರಗತಿಯ ತುಂಬ ಹಳದಿ ನಕ್ಷತ್ರಗಳು ಬೆಂಚಿನ ಮೇಲೆ ಕೂತು ಪಾಠ ಕೇಳುತ್ತಿವೆ. ಕಾಗದ ಹರಿದ ಆ ಹುಡುಗಿಯೂ ಒಂದು ನಕ್ಷತ್ರ. ಅವಳ ಹುಬ್ಬು ಮೇಲೇರಿದ ಕ್ಷಣವೇ ಆ ಪಾಠದ ಏಕೈಕ ಸಾಕ್ಷ್ಯ. ಅದರ ಮೇಲೆ ನಾನೇ ಸ್ಟಿಕ್ಕರ್ ಅಂಟಿಸಿದ್ದೇನೆ. ಇತ್ತ, ಯಾರಿಗೂ ಏನೂ ಅರ್ಥವಾಗದ ಇನ್ನೊಂದು ಪಾಠಕ್ಕೆ ನಾನು ಮಾಡಿದ್ದ ಬಣ್ಣದ ಚಾರ್ಟ್ ಪುಟದ ಮೇಲೆ ಝಗಝಗಿಸುತ್ತಿದೆ. “ಉತ್ತಮ ದೃಶ್ಯ ಸಾಮಗ್ರಿ” ಎಂಬ ಷರಾ ಅದಕ್ಕೆ.

ಶಿಕ್ಷಕರ ಪೋರ್ಟ್‌ಫೋಲಿಯೊಗಳನ್ನು 1980ರ ದಶಕದಲ್ಲೇ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಯೋಗಿಸಿ ನೋಡಿದ ಶಿಕ್ಷಣತಜ್ಞ ಲೀ ಶುಲ್ಮನ್, ಮುಂದೆ ಅವುಗಳ ಅಪಾಯಗಳನ್ನೂ ಪಟ್ಟಿಮಾಡಿದರು. ಅವುಗಳಲ್ಲಿ ಒಂದಕ್ಕೆ ಅವರಿಟ್ಟ ಹೆಸರು ಲ್ಯಾಮಿನೇಷನ್, ಅಂದರೆ ಕಾಗದಕ್ಕೆ ಹೊಳೆಯುವ ಪ್ಲಾಸ್ಟಿಕ್ ಹೊದಿಕೆ ಹಾಕುವುದು: ಒಳಗಿನ ಹೂರಣಕ್ಕಿಂತ ಹೊರಗಿನ ಹೊಳಪೇ ಮುಖ್ಯವಾಗಿಬಿಡುವುದು. ಆಗ ಹೊಳಪು ಬರಿಸಲು ಕಡೇಪಕ್ಷ ಬಿಸಿ ಯಂತ್ರದ ಬಳಿ ನಿಲ್ಲಬೇಕಿತ್ತು. ಈಗ ಕೂತಲ್ಲೇ ಆಗುತ್ತದೆ, ಮಧ್ಯರಾತ್ರಿಯಲ್ಲೂ ಆಗುತ್ತದೆ. ನಾಳೆಯ ಪಾಠಯೋಜನೆ ಬರೆಯದೆ ಪುಟದ ಮೇಲಿನ ಒಂದು ಬಾಣದ ಚಿತ್ರವನ್ನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಸರಿಸುತ್ತ ಕೂತವರನ್ನು ಕೇಳಿ ನೋಡಿ. ಬಾಣ ಸರಿಸುವುದು ಸುಖ. ಅದು ಹೇಳಿದಲ್ಲಿ ನಿಲ್ಲುತ್ತದೆ, ಮಕ್ಕಳ ಹಾಗಲ್ಲ.

ಹೊಳೆದ ಸಂಗತಿಗೆ ಬರೋಣ ಎಂದುಕೊಳ್ಳುವಷ್ಟರಲ್ಲಿ ಗೆಳತಿಯೊಬ್ಬಳ ಸಂದೇಶ ಬಂತು. ಅವಳು ಇಡೀ ಪೋರ್ಟ್‌ಫೋಲಿಯೊದ ಕೊಂಡಿಯನ್ನು ಒಪ್ಪಿಸಿ ವಾರಗಳೇ ಕಳೆದಿವೆ, ಅಂಕವೂ ಬಂದಿದೆ, ಒಳ್ಳೆಯ ಅಂಕವೇ. ಇವತ್ತು ಸುಮ್ಮನೆ ಸೆಟ್ಟಿಂಗ್ಸ್ ತೆರೆದು ನೋಡಿದರೆ, ಅದು ಮೊದಲಿನಿಂದಲೂ ‘ನಿಮಗೆ ಮಾತ್ರ’ ಎಂದೇ ಇತ್ತಂತೆ. ಪ್ರವೇಶ ಕೋರಿ ಒಂದೇ ಒಂದು ಮನವಿಯೂ ಬಂದಿಲ್ಲವಂತೆ. “ಈಗ ಎಲ್ಲರಿಗೂ ತೆರೆಯಲೋ, ಹಾಗೇ ಬಿಡಲೋ?” ಎಂದು ಕೇಳುತ್ತಿದ್ದಾಳೆ.