ಅರವತ್ತು ಪೆನ್ಸ್ ಸೊಪ್ಪಿನ ತಾಳ್ಮೆ

ಹೊಸ ನಾಯಕರು ಬಂದ ಕೂಡಲೇ ಯಾವ ದೇಶದಲ್ಲಾದರೂ ಕೇಳಿಬರುವ ಮೊದಲ ಮಾತು ಒಂದೇ. ಸ್ವಲ್ಪ ಟೈಮ್ ಕೊಡಿ ಸ್ವಾಮಿ, ಈಗ ತಾನೇ ಕುರ್ಚಿ ಮೇಲೆ ಕೂತಿದ್ದಾರೆ, ಹಿಂದಿನವರು ಮಾಡಿದ ಹೊಲಸು ತೊಳೆಯೋದು ಬೇಡವಾ? ಸರಿ, ಕೊಡೋಣ. ಎಷ್ಟು ಕೊಡಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಇದಕ್ಕೊಂದು ಅಳತೆ ಕಂಡುಹಿಡಿದು ಕೊಟ್ಟ ಪುಣ್ಯ ಬ್ರಿಟನ್ನಿನದು: ಒಂದು ಲೆಟಿಸ್ ಸೊಪ್ಪು ಕೊಳೆಯುವಷ್ಟು ಹೊತ್ತು.

2022ರ ಸೆಪ್ಟೆಂಬರ್ 6ಕ್ಕೆ ಲಿಝ್ ಟ್ರಸ್ ಪ್ರಧಾನಿಯಾದರು. ಆರಿಸಿದ್ದು ದೇಶ ಅಲ್ಲ, ಅವರ ಪಕ್ಷದ 81,326 ಸದಸ್ಯರು. ನಮ್ಮಲ್ಲಿ ಹೆಚ್ಚೂಕಡಿಮೆ ಒಬ್ಬ ಶಾಸಕ ಗೆಲ್ಲುವಷ್ಟು ವೋಟು. ಎರಡೇ ದಿನಕ್ಕೆ ರಾಣಿ ತೀರಿಕೊಂಡರು. ಶೋಕಾಚರಣೆ ಮುಗಿಯುವವರೆಗೆ ಸರ್ಕಾರ ಹೆಚ್ಚೇನೂ ಮಾಡುವ ಹಾಗಿರಲಿಲ್ಲ, ಹಾಗಾಗಿ ಆರ್ಥಿಕತೆ ಇದ್ದುದರಲ್ಲಿ ಆರಾಮಾಗಿತ್ತು.

ಸೆಪ್ಟೆಂಬರ್ 23ಕ್ಕೆ ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ 'ಮಿನಿ ಬಜೆಟ್' ಹಿಡಿದು ಬಂದರು. ಸುಮಾರು 45 ಬಿಲಿಯನ್ ಪೌಂಡ್ ತೆರಿಗೆ ಕಡಿತ. ದುಡ್ಡು ಎಲ್ಲಿಂದ? ಸಾಲ ಮಾಡಿದರಾಯ್ತು. ಬಜೆಟ್ಟಿನ ಲೆಕ್ಕ ನೋಡಿ ಸರಿ-ತಪ್ಪು ಹೇಳುವುದಕ್ಕೇ ಅಂತ ಇರುವ ಸರ್ಕಾರಿ ಸಂಸ್ಥೆ ನಾವು ನೋಡಿಕೊಡ್ತೀವಿ ಅಂದರೆ, ಬೇಡ ಬಿಡಿ ಅಂದರು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅಂತಾರಲ್ಲ, ಇಲ್ಲಿ ಗೋಣಿ ಹೋಗಲಿ, ಬಂಡೆಯೇ ಒಡೆಯಿತು. ಶುಕ್ರವಾರ ಬಜೆಟ್, ಸೋಮವಾರ ಪೌಂಡ್ 1.03 ಡಾಲರ್‌ಗೆ ಬಿತ್ತು, ಅದು ಅಷ್ಟು ಕೆಳಗೆ ಹೋಗಿದ್ದೇ ಇಲ್ಲ. ಬುಧವಾರದ ಹೊತ್ತಿಗೆ ಪಿಂಚಣಿ ನಿಧಿಗಳು ಮುಳುಗದಿರಲಿ ಅಂತ ಅಲ್ಲಿನ ರಿಸರ್ವ್ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್ 65 ಬಿಲಿಯನ್ ಪೌಂಡ್‌ವರೆಗೆ ಬಾಂಡ್, ಅಂದರೆ ಸರ್ಕಾರದ ಸಾಲಪತ್ರ, ಕೊಳ್ಳಲು ಸಿದ್ಧವಾಗಿ ನಿಂತಿತು.

ನೋಡಿ, ಬಾಂಡ್ ಮಾರ್ಕೆಟ್‌ಗೆ ಯಾರೂ ಟೈಮ್ ಕೊಡಿ ಅನ್ನುವುದಿಲ್ಲ. ಅಂದರೂ ಅದು ಕೇಳುವುದಿಲ್ಲ. ತಾಳ್ಮೆಯ ಪಾಠ ಏನಿದ್ದರೂ ಜನಕ್ಕೆ. ಎರಡು ವರ್ಷಕ್ಕೆ ಅಂತ ನಿಗದಿಯಾಗಿದ್ದ ಮನೆಸಾಲದ ಬಡ್ಡಿಯ ಅವಧಿ ಆ ತಿಂಗಳೇ ಮುಗಿದು ಹೊಸದು ಮಾಡಿಸಬೇಕಾದವನ ಪಾಡು ಯೋಚಿಸಿ. ನಿನ್ನೆ ಇದ್ದ ಸ್ಕೀಮು ಇವತ್ತು ಬ್ಯಾಂಕಿನಲ್ಲಿ ಇಲ್ಲ, ಇರುವುದರ ಬಡ್ಡಿ ಶೇ. 4.7ರ ಆಸುಪಾಸಿನಿಂದ ಕೆಲವೇ ವಾರದಲ್ಲಿ 6 ದಾಟಿದೆ, ಮತ್ತು ಟಿವಿಯಲ್ಲಿ ಪ್ರಧಾನಿ ಬೆಳವಣಿಗೆ, ಬೆಳವಣಿಗೆ ಅಂತಿದ್ದಾರೆ. ಬೆಳೆದಿದ್ದು ಇವನ ಕಂತು.

ಆಗ ಬಂತು ಲೆಟಿಸ್. ಟ್ರಸ್ ಬಾಳಿಕೆ ಲೆಟಿಸ್‌ನಷ್ಟೇ ಅಂತ ಎಕನಾಮಿಸ್ಟ್ ಪತ್ರಿಕೆ ಚುಚ್ಚಿತ್ತು, ಡೈಲಿ ಸ್ಟಾರ್ ಅದನ್ನು ಗಂಭೀರವಾಗಿ ತಗೊಂಡು 60 ಪೆನ್ಸ್ ಕೊಟ್ಟು ಒಂದು ಲೆಟಿಸ್ ತಂದು ಮೇಜಿನ ಮೇಲಿಟ್ಟು ಕ್ಯಾಮೆರಾ ಆನ್ ಮಾಡಿತು. ಅದಕ್ಕೆ ಎರಡು ಕಣ್ಣು, ತಲೆಗೊಂದು ವಿಗ್ಗು. ಪಕ್ಕದಲ್ಲಿ ಟ್ರಸ್ ಫೋಟೋ. ಯಾರು ಮೊದಲು ಬಾಡ್ತಾರೆ? ಜಗತ್ತಿನ ದೊಡ್ಡ ಆರ್ಥಿಕತೆಗಳಲ್ಲಿ ಒಂದಾದ ದೇಶದ ಜನ ಕೂತು ಸೊಪ್ಪು ನೋಡಿದರು. ಸುಮ್ನೆ ಅಲ್ಲ, ಸಂಸತ್ತಿಗಿಂತ ಅಲ್ಲೇ ಸ್ಥಿರತೆ ಜಾಸ್ತಿ ಇತ್ತು.

ಕ್ವಾರ್ಟೆಂಗ್ ವಾಷಿಂಗ್ಟನ್‌ನಲ್ಲಿ 'ನಾನೆಲ್ಲೂ ಹೋಗಲ್ಲ' ಅಂದರು, ಮರುದಿನ ಕೆಲಸ ಹೋಯಿತು. ಟ್ರಸ್ ಅಕ್ಟೋಬರ್ 19ಕ್ಕೆ ಸಂಸತ್ತಿನಲ್ಲಿ 'ನಾನು ಹೋರಾಡುವವಳು, ಬಿಟ್ಟುಹೋಗುವವಳಲ್ಲ' ಅಂದರು, ಮರುದಿನ ಬಿಟ್ಟುಹೋದರು. ಲೆಟಿಸ್ ಗೆದ್ದಿತು, ಅದಕ್ಕೆ ಡಿಸ್ಕೋ ಲೈಟು ಹಾಕಿದರು.

ಆಮೇಲೆ ಬಂದವರು ರಿಷಿ ಸುನಕ್, ನಾರಾಯಣಮೂರ್ತಿಯವರ ಅಳಿಯ. ಅವರ ಆಯ್ಕೆ ದೀಪಾವಳಿಯ ದಿನವೇ ಆಯಿತು, ಇಲ್ಲಿ ನಾವು ಬೀಗಿದೆವು. ಅಳಿಯನಿಗೆ ಟೈಮ್ ಕೊಡಬೇಕಪ್ಪ, ಅಲ್ವಾ?

ಅಂದಹಾಗೆ ತಾಳ್ಮೆಯ ವಿಷಯದಲ್ಲಿ ನಮ್ಮ ಮುಂದೆ ಬ್ರಿಟನ್ ಎಳೆಕೂಸು. 2016ರ ನವೆಂಬರಿನಲ್ಲಿ ನೋಟು ರದ್ದು ಮಾಡಿದ ನಮ್ಮ ಪ್ರಧಾನಿ ಗೋವಾದಲ್ಲಿ 50 ದಿನ ಕೊಡಿ ಅಂದರು, ಕೊಟ್ಟೆವು. ಟ್ರಸ್ ಅಧಿಕಾರಾವಧಿ ಪೂರ್ತಿ ಸೇರಿಸಿದರೂ ಹತ್ತಿರ ಹತ್ತಿರ ಅಷ್ಟೇ. ಹಳೆ ನೋಟು ಬದಲಿಸಿದವರು ಮತ್ತೆ ಕ್ಯೂಗೆ ಬರದಿರಲಿ ಅಂತ ಬೆರಳಿಗೆ ಹಚ್ಚಿದ ಶಾಯಿಯೂ ನಮ್ಮ ಮೈಸೂರಿನದೇ. ಕೊನೆಗೆ ಶೇ. 99.3ರಷ್ಟು ನೋಟು ಬ್ಯಾಂಕಿಗೆ ವಾಪಸ್ ಬಂತು ಅಂತ ರಿಸರ್ವ್ ಬ್ಯಾಂಕೇ ಹೇಳಿತು. ನಾವು ಸೊಪ್ಪು ಗಿಪ್ಪು ಇಡಲಿಲ್ಲ.

ಬ್ರಿಟನ್ನಿನಲ್ಲಿ ಮಾಜಿ ಪ್ರಧಾನಿಗಳು ಕಚೇರಿ ಖರ್ಚಿಗೆ ಅಂತ ವರ್ಷಕ್ಕೆ 1,15,000 ಪೌಂಡ್‌ವರೆಗೆ ಪಡೆಯಬಹುದು. ಏಳು ವಾರ ಕೂತವರಿಗೂ ಅದೇ, ಹತ್ತು ವರ್ಷ ಕೂತವರಿಗೂ ಅದೇ. 2024ರ ಚುನಾವಣೆಯಲ್ಲಿ ಟ್ರಸ್ ತಮ್ಮ ಸ್ವಂತ ಕ್ಷೇತ್ರವನ್ನೂ 630 ವೋಟಿನಿಂದ ಕಳಕೊಂಡರು. 2025ರ ಜನವರಿಯಲ್ಲಿ ಅವರ ವಕೀಲರು ಆಗಿನ ಪ್ರಧಾನಿ ಕಿಯರ್ ಸ್ಟಾರ್ಮರ್‌ಗೆ ನೋಟಿಸ್ ಕೊಟ್ಟರು: ಟ್ರಸ್ ಆರ್ಥಿಕತೆ ಕೆಡವಿದರು ಅನ್ನುವುದನ್ನು ಇನ್ನು ನಿಲ್ಲಿಸಿ ಅಂತ. ಅದರದೊಂದು ಪ್ರತಿಯನ್ನು ಮನೆಸಾಲದ ಕಂತು ಕಟ್ಟುವವರಿಗೂ ಕಳಿಸಿ, ಬಡ್ಡಿ ಏರಿದ್ದನ್ನು ದಯವಿಟ್ಟು ಮರೆತುಬಿಡಿ ಅಂದಿದ್ದರೆ ಕೆಲಸ ಪೂರ್ತಿ ಆಗುತ್ತಿತ್ತು.