ಹನ್ನೊಂದು ಜನರ ತರಗತಿಯಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ

ಪುಟ್ಟ ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ಓದಿದರೆ ಪ್ರಪಂಚ ಚಿಕ್ಕದಾಗುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ನಾನು ತುಮಕೂರಿನವನು, ಗುಬ್ಬಿ ಕಡೆಯ ಹಳ್ಳಿ. ಬಿ.ಎ. ಮುಗಿಯುವವರೆಗೂ ಯಾವ ಮೇಷ್ಟ್ರಿಗೂ ನನ್ನ ಹೆಸರು ಗೊತ್ತಿರಲಿಲ್ಲ. ಆಮೇಲೆ ಕ್ರೈಸ್ತ ದೇವಶಾಸ್ತ್ರದ ಪದವಿ ಕೊಡುವ ಸೆರಾಂಪೋರ್ ಸೆನೆಟ್‌ಗೆ ಸೇರಿದ ಒಂದು ಸಣ್ಣ ಕಾಲೇಜಿನಲ್ಲಿ ಬಿ.ಡಿ. (ದೇವಶಾಸ್ತ್ರದ ಪದವಿ) ಓದಿದೆ. ತರಗತಿಯಲ್ಲಿ 11 ಜನ. ನನ್ನ ಪಕ್ಕ ಮಿಜೋರಾಂ ಹುಡುಗ, ಹಿಂದೆ ಆಂಧ್ರದ ಹುಡುಗಿ.

ಒಂದು ದಿನ ಬೈಬಲಿನ ಹಳೆಯ ಒಡಂಬಡಿಕೆಯ ಭಾಷೆಯಾದ ಹೀಬ್ರೂ ಪಾಠದಲ್ಲಿ 'ರೂಅಖ್' ಎಂಬ ಪದ ಬಂತು. ಗಾಳಿ, ಉಸಿರು, ಆತ್ಮ ಮೂರಕ್ಕೂ ಅದೇ ಪದ. ಮೇಷ್ಟ್ರು ಸುಮ್ನೆ ಅರ್ಥ ಬರೆಸಿ ಮುಂದೆ ಹೋಗಲಿಲ್ಲ. "ನಿನ್ನ ಕನ್ನಡದಲ್ಲಿ ಇಲ್ಲಿ ಯಾವ ಪದ ಹಾಕ್ತೀಯ?" ಅಂತ ನನ್ನನ್ನೇ ಕೇಳಿದರು. ಅವತ್ತು ಸಂಜೆ 1894ರ ಕಿಟೆಲ್ ಕನ್ನಡ-ಇಂಗ್ಲಿಷ್ ನಿಘಂಟು ತೆಗೆದು ಕೂತೆ. ನನ್ನ ಭಾಷೆಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಇನ್ನು ನಮ್ಮ ಸೆನೆಟ್‌ಗೆ ಮೂಲವಾದ ಬಂಗಾಳದ ಸೆರಾಂಪೋರ್ ಕಾಲೇಜು ಶುರುವಾಗಿದ್ದು 1818ರಲ್ಲಿ. ಆ ಊರು ಆಗ ಡೆನ್ಮಾರ್ಕ್ ಕೈಯಲ್ಲಿತ್ತು, ಪದವಿ ಕೊಡುವ ಅಧಿಕಾರವನ್ನು ಡೆನ್ಮಾರ್ಕ್ ರಾಜ 1827ರಲ್ಲೇ ಕೊಟ್ಟ. ಮೊದಲಿನಿಂದಲೂ ಕ್ರೈಸ್ತರಲ್ಲದವರೂ ಅಲ್ಲಿ ಓದಿದ್ದಾರೆ.

ಧರ್ಮದ ಸಂಸ್ಥೆ ನಡೆಸಿದರೆ ಓದು ಕಿರಿದಾಗುತ್ತದೆ ಅನ್ನುವುದಾದರೆ, ಸಿದ್ಧಗಂಗಾ ಮಠದಲ್ಲಿ ಉಂಡು, ಮಲಗಿ, ಓದಿ ಬಂದ ನಮ್ಮ ಜಿಲ್ಲೆಯವರಿಗೆ ಏನು ಹೇಳುತ್ತೀರಿ? ಜಾತಿ ಮತ ಕೇಳದೆ ಅಲ್ಲಿ ಸಾವಿರಾರು ಮಕ್ಕಳು ಓದುತ್ತಿಲ್ವಾ?

ವಿಷಯಗಳ ಆಯ್ಕೆ ಕಡಿಮೆ ಅಂದಿದ್ದೀರಿ, ಅದು ನಿಜ. ನನಗೆ ಇತಿಹಾಸ ಜಾಸ್ತಿ ಓದಬೇಕಿತ್ತು, ಮೇಷ್ಟ್ರೇ ಇರಲಿಲ್ಲ.